ಎಥ್ರೆಲ್ ಹೊಡೆದರೂ ಅರ್ಧ ಎಲೆ ಮಾತ್ರ ಉದುರೋದು ಯಾಕೆ? ಹಾರ್ಮೋನು ಗಿಡದೊಳಗೆ ಹೋದ ಮೇಲೆ ನಡೆಯುವುದೇನು?

ಮಾರಿಕಣಿವೆ ತೋಟ (ಹಿರಿಯೂರು)

ಹಸ್ತ ಬಹಾರಿನ (ಹಸ್ತ ಮಳೆ ಹೊತ್ತಿಗೆ ಹೂ ಬಿಡಿಸೋ ದಾಳಿಂಬೆ ಹಂಗಾಮು) ಸಮಯ, ಅದಕ್ಕೇ ಕೇಳ್ತಿದ್ದೀನಿ. ಹೂ ಒಟ್ಟಿಗೆ ಬರಲಿ ಅಂತ ನೀರು ನಿಲ್ಲಿಸಿ, ದಾಳಿಂಬೆಗೆ ಎಲೆ ಉದುರಿಸೋ ಎಥ್ರೆಲ್ (ಎಥೆಫಾನ್ ಇರೋ ಔಷಧಿ) ಹೊಡೆದ ಮೇಲೆ ಒಂದೇ ಸಾಲಿನಲ್ಲಿ ಒಂದು ಗಿಡ ಎಂಟೇ ದಿನಕ್ಕೆ ಬೋಳಾಗುತ್ತೆ. ಪಕ್ಕದ ಗಿಡ ಒಳಗಿನ ಹಳೇ ಎಲೆ ಉದುರಿಸಿ, ಕೊಂಬೆ ತುದಿಯಲ್ಲಿ ಹಸಿರಾಗೇ ನಿಂತಿರುತ್ತೆ. ಹೂ ಒಂದೇ ಸಲಕ್ಕೆ ಬರಲ್ಲ, ಕಾಯಿ ಮೂರು ಸೈಜಿನಲ್ಲಿ ಆಗುತ್ತೆ, ಔಷಧಿ ವೇಳಾಪಟ್ಟಿಯೆಲ್ಲ ಹಾಳು.

ತೋಟದ ವಿವರ: ಮಸಾರೆ ಮಣ್ಣು, ಭಗವಾ ತಳಿ, 4ನೇ ವರ್ಷ. ಡ್ರಿಪ್ ನಿಲ್ಲಿಸಿ 22 ದಿನಕ್ಕೆ ಸಿಂಪಡಣೆ. ನಡುವೆ ಒಂದು ಹದ ಮಳೆ ಬಿದ್ದಿದೆ. 39% ಎಥೆಫಾನ್ ಲೀಟರಿಗೆ 2 ಮಿಲಿ, ಜೊತೆಗೆ ಡಿಎಪಿ 5 ಗ್ರಾಂ, ಬೋರ್ ನೀರು. ಈಗ ಸಿಗುತ್ತಿರೋ ಸಲಹೆ ಏನಂದ್ರೆ 3 ಮಿಲಿಗೆ ಏರಿಸಿ ಇನ್ನೊಂದು ಸಲ ಹೊಡೀರಿ ಅಂತ. ಏರಿಸಬಹುದಾ? ಔಷಧಿ ಅದೇ, ಗಿಡ ಅದೇ ಆಗಿದ್ರೂ ಉತ್ತರ ಬೇರೆ ಬೇರೆ ಬರೋದಕ್ಕೆ ಕಾರಣ ಏನು ಅಂತ ಬುಡದಿಂದ ತಿಳೀಬೇಕು.

ಎಲೆಮೊಗ್ಗು (ದಾವಣಗೆರೆ)

ಸರ್, ಮೊದಲು ನೇರ ಉತ್ತರ: 3 ಮಿಲಿಗೆ ಏರಿಸಬೇಡಿ. ಹಸಿರಾಗಿ ನಿಂತ ಗಿಡಕ್ಕೆ ಔಷಧಿ ಕಡಿಮೆ ಬಿದ್ದಿರೋದಕ್ಕಿಂತ, ಬಿದ್ದ ಔಷಧಿಯ ಮಾತನ್ನು ಕೇಳುವ ಸ್ಥಿತಿಯಲ್ಲಿ ಆ ಎಲೆಗಳು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಏರಿಸಿದರೆ ಎಲೆಗಿಂತ ಮೊದಲು ಕಡ್ಡಿ ಒಣಗುತ್ತದೆ, ಅಂಟು ಸೋರುತ್ತದೆ, ಹೂ ಬರಬೇಕಾದ ಮೊಗ್ಗೂ ಸಾಯುತ್ತದೆ.

ಈಗ ಬುಡದಿಂದ. ಎಥೆಫಾನ್ ಸ್ವತಃ ಹಾರ್ಮೋನು ಅಲ್ಲ. ಎಲೆಯ ಜೀವಕೋಶದ ಒಳಗೆ ಪಿಎಚ್ 7ರ ಆಸುಪಾಸು ಇರುತ್ತದೆ. ಅಲ್ಲಿಗೆ ಹೋದಾಗ ಅದು ಒಡೆದು ಎಥಿಲೀನ್ ಅನಿಲ, ಫಾಸ್ಫೇಟ್, ಕ್ಲೋರೈಡ್ ಆಗುತ್ತದೆ. ಹಾರ್ಮೋನು ಅಂದರೆ ಆ ಎಥಿಲೀನ್. ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನುಗಳು ಕೋಶದ ಒಳಪೊರೆಯಲ್ಲಿ ಕೂತಿರುತ್ತವೆ. ಮೊದಲು ಪತ್ತೆಯಾದದ್ದು ಇಟಿಆರ್1, ಅದರ ಜೀನ್ ಸಿಕ್ಕಿದ್ದು 1993ರಲ್ಲಿ. ಎಥಿಲೀನ್ ಕೂರುವ ಜಾಗದಲ್ಲಿ ಒಂದು ತಾಮ್ರದ ಅಯಾನು ಇರುತ್ತದೆ, ಅದಿಲ್ಲದೆ ಅನಿಲ ಅಂಟುವುದಿಲ್ಲ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯವಿದೆ. ಕೆರೆ ತೂಬಿನ ನೀರುಗಂಟಿಯನ್ನು ನೆನೆಸಿಕೊಳ್ಳಿ. ಎಥಿಲೀನ್ ಇಲ್ಲದಾಗ ಈ ಗ್ರಾಹಕ ಸುಮ್ಮನಿರುವುದಿಲ್ಲ, ತೂಬನ್ನು ಒತ್ತಿ ಹಿಡಿದೇ ಇರುತ್ತದೆ. ಸಿಟಿಆರ್1 ಎಂಬ ಕೈನೇಸ್ ಕಿಣ್ವವನ್ನು ಚಾಲೂ ಇಟ್ಟು, ಅದರ ಮೂಲಕ ಇಐಎನ್2 ಪ್ರೋಟೀನಿಗೆ ಫಾಸ್ಫೇಟ್ ಮುದ್ರೆ ಒತ್ತಿಸಿ ತಡೆಯುತ್ತದೆ. ಎಥಿಲೀನ್ ಬಂದು ಕೂತಾಗ ನೀರುಗಂಟಿ ಕೈ ಬಿಡುತ್ತಾನೆ. ಇಐಎನ್2ರ ಬಾಲದ ತುಂಡು ಕತ್ತರಿಸಿಕೊಂಡು ಕೋಶಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಇಐಎನ್3 ಉಳಿದುಕೊಂಡು ಜೀನುಗಳನ್ನು ತೆರೆಯುತ್ತದೆ. ಎಲೆತೊಟ್ಟಿನ ಬುಡದಲ್ಲಿ ತೆರೆಯುವ ಜೀನುಗಳು ಸೆಲ್ಯುಲೇಸ್, ಪಾಲಿಗ್ಯಾಲಕ್ಟುರೊನೇಸ್ ಕಿಣ್ವಗಳದ್ದು. ಅವು ಕೋಶಗಳ ನಡುವಿನ ಪೆಕ್ಟಿನ್ ಅಂಟನ್ನೂ ಗೋಡೆಯನ್ನೂ ಕರಗಿಸುತ್ತವೆ, ಎಲೆ ತನ್ನ ಭಾರಕ್ಕೇ ಕಳಚುತ್ತದೆ.

ಹಾಗಾದರೆ ತುದಿಯ ಎಲೆ ಯಾಕೆ ಬೀಳಲಿಲ್ಲ? ಎಳೆ ಎಲೆಯ ಅಲಗಿನಲ್ಲಿ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ತಯಾರಾಗಿ ತೊಟ್ಟಿನ ಮೂಲಕ ಕೆಳಕ್ಕೆ ಹರಿಯುತ್ತಲೇ ಇರುತ್ತದೆ. ಆ ಹರಿವು ಇರುವ ತನಕ ತೊಟ್ಟಿನ ಬುಡದ ಕೋಶಗಳು ಎಥಿಲೀನಿಗೆ ಕಿವುಡು. ಎಲೆ ಬಲಿತು ಹಳತಾದಂತೆ ಆಕ್ಸಿನ್ ಹರಿವು ತಗ್ಗುತ್ತದೆ, ಆಮೇಲೆ ಅಷ್ಟೇ ಎಥಿಲೀನಿಗೆ ಎಲೆ ಉದುರುತ್ತದೆ. ನಿಮ್ಮಲ್ಲಿ 22 ದಿನದ ಒಣಗು, ಅದರ ನಡುವೆ ಹದ ಮಳೆ. ಬೇರಿಗೆ ತೇವ ಸಿಕ್ಕ ಗಿಡಗಳು ಚಿಗುರು ಒಡೆದಿವೆ. ಚಿಗುರಿದ ಗಿಡಕ್ಕೆ 3 ಮಿಲಿ ಹಾಕುವುದು ಅಂದರೆ ಕಿವುಡರ ಮುಂದೆ ಇನ್ನೂ ಜೋರಾಗಿ ಕೂಗಿದ ಹಾಗೆ.

ಡ್ರಿಪ್ ಲೈನ್ (ಹೊಸದುರ್ಗ)

ಮೇಡಂ ಹೇಳಿದ್ದು ಸರಿ, ಆದ್ರೆ ನೀರನ್ನು ಬಿಟ್ಟು ಮಾತಾಡಿದ್ರೆ ಅರ್ಧ ಉತ್ತರ ಅಷ್ಟೇ. ನಮ್ಮ ಕಡೆ ಬೋರ್ ನೀರಿನಲ್ಲಿ ಬೈಕಾರ್ಬನೇಟ್ ಜಾಸ್ತಿ. ಎಥೆಫಾನ್ ಆಮ್ಲದಲ್ಲಿ ಮಾತ್ರ ಗಟ್ಟಿ. ಪಿಎಚ್ 5ರಲ್ಲಿ 25 ಡಿಗ್ರಿಗೆ ಎರಡು ತಿಂಗಳಾದರೂ ಅರ್ಧಕ್ಕೆ ಇಳಿಯಲ್ಲ, ಪಿಎಚ್ 7ರಲ್ಲಿ ಸುಮಾರು ಎರಡೂವರೆ ದಿನಕ್ಕೆ ಅರ್ಧ ಹೋಗುತ್ತೆ, 9ರಲ್ಲಿ ಒಂದೇ ದಿನಕ್ಕೆ. ಬಿಸಿಲಿಗೆ ಬಿಟ್ಟ ಡ್ರಮ್ಮಿನಲ್ಲಿ ಇನ್ನೂ ಬೇಗ.

ಲೆಕ್ಕ ಮಾಡಿ ನೋಡಿ. 2 ಮಿಲಿಯಲ್ಲಿ ಕಡಿಮೆ ಅಂದ್ರೂ 0.78 ಗ್ರಾಂ ಎಥೆಫಾನ್. ಅಣುತೂಕ 144.5, ಅಂದ್ರೆ 5.4 ಮಿಲಿಮೋಲ್. ಅದು ಮೊದಲು ಬಿಡೋ ಆಮ್ಲದ ಪಾಲನ್ನು ಪೂರ್ತಿ ನುಂಗೋಕೆ ಲೀಟರಿಗೆ 330 ಮಿಲಿಗ್ರಾಂ ಬೈಕಾರ್ಬನೇಟ್ ಸಾಕು. ನೀರಿನ ವರದಿಯಲ್ಲಿ ಬೈಕಾರ್ಬನೇಟ್ 400 ದಾಟಿದ್ರೆ ದ್ರಾವಣದ ಪಿಎಚ್ 5 ಮೀರಿ 6ರ ಕಡೆ ಹೋಗುತ್ತೆ. ಅದರ ಮೇಲೆ ಡಿಎಪಿ 5 ಗ್ರಾಂ! ಡಿಎಪಿ ದ್ರಾವಣದ್ದೇ ಪಿಎಚ್ ಸುಮಾರು 8. ಲೀಟರಿಗೆ 38 ಮಿಲಿಮೋಲ್ ಫಾಸ್ಫೇಟ್ ಬಫರ್ ಆಗಿ (ಪಿಎಚ್ ಬದಲಾಗದ ಹಾಗೆ ಹಿಡಿದು) ಕೂತ್ಕೊಂಡ್ರೆ ಎಥ್ರೆಲ್ಲಿನ ಆಮ್ಲ ಯಾವ ಲೆಕ್ಕಕ್ಕೂ ಇಲ್ಲ, ಟ್ಯಾಂಕ್ 7 ದಾಟುತ್ತೆ. ಗಿಡದೊಳಗೆ ಬಿಡಬೇಕಾದ ಅನಿಲವನ್ನ ಟ್ಯಾಂಕಿನಲ್ಲೇ ಬಿಡುತ್ತೆ.

ಮಾರಿಕಣಿವೆ ತೋಟ (ಹಿರಿಯೂರು)

ಡಿಎಪಿ ಸೇರಿಸೋದು ಎಲ್ಲಾ ಕಡೆ ನಡೆದು ಬಂದ ಶಿಫಾರಸು ಅಲ್ವಾ ಅಣ್ಣ? ಅದೇ ತಪ್ಪು ಅನ್ನೋದಾದ್ರೆ ಅದನ್ನ ಹಾಕಿ ಚೆನ್ನಾಗಿ ಎಲೆ ಉದುರಿಸಿರೋ ತೋಟಗಳು ಬೇಕಾದಷ್ಟಿವೆ. ಅವಕ್ಕೆ ಹೇಗೆ ಕೆಲಸ ಮಾಡ್ತು?

ಎಲೆಮೊಗ್ಗು (ದಾವಣಗೆರೆ)

ಒಳ್ಳೇ ಪ್ರಶ್ನೆ. ಡ್ರಿಪ್ ಲೈನ್ ಕೊಟ್ಟ ಅಂಕಿಯಿಂದಲೇ ಉತ್ತರ ಸಿಗುತ್ತದೆ. ಪಿಎಚ್ 7ರಲ್ಲಿ ಎರಡೂವರೆ ದಿನಕ್ಕೆ ಅರ್ಧ ಅಂದರೆ ಗಂಟೆಗೆ ಸುಮಾರು ಶೇ 1ರಷ್ಟು ನಷ್ಟ. ಕಲಸಿ ಎರಡು ಗಂಟೆಯೊಳಗೆ ಹೊಡೆದು ಮುಗಿಸಿದರೆ ಡಿಎಪಿಯಿಂದ ಆಗುವ ಹಾನಿ ಹೇಳಿಕೊಳ್ಳುವಷ್ಟಿಲ್ಲ. ಸಂಜೆ ಕಲಸಿಟ್ಟು ಬೆಳಿಗ್ಗೆ ಹೊಡೆದರೆ, ಅಥವಾ ಉಳಿದ ಡ್ರಮ್ಮನ್ನು ಮರುದಿನ ಮಧ್ಯಾಹ್ನಕ್ಕೆ ಇಟ್ಟರೆ ಆಗ ಲೆಕ್ಕ ಬೇರೆ. ಹಾಗಾಗಿ ನೀರು ಎರಡನೇ ಕಾರಣ, ಎಲೆಯ ವಯಸ್ಸು ಮೊದಲನೇ ಕಾರಣ ಅಂತಲೇ ನನ್ನ ತೀರ್ಮಾನ. ಒಂದೇ ಡ್ರಮ್ಮಿನ ಔಷಧಿಯಲ್ಲಿ ಅಕ್ಕಪಕ್ಕದ ಗಿಡ ಬೇರೆ ಬೇರೆ ಆಗಿರುವುದೇ ಅದಕ್ಕೆ ಸಾಕ್ಷಿ. ನೀರು ಮುಖ್ಯ ದೋಷವಾಗಿದ್ದರೆ ಇಡೀ ಡ್ರಮ್ಮಿನ ಸಾಲುಗಳು ಒಟ್ಟಿಗೆ ಸೋಲಬೇಕಿತ್ತು.

ಡ್ರಿಪ್ ಲೈನ್ (ಹೊಸದುರ್ಗ)

ಒಪ್ಪಿದೆ ಮೇಡಂ. ಅಕ್ಕಪಕ್ಕದ ಗಿಡದ ವಿಷಯ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಆದ್ರೂ ಸರಿ ಮಾಡೋಕೆ ಕಷ್ಟವಿಲ್ಲದ ತಪ್ಪನ್ನ ಉಳಿಸಿಕೊಳ್ಳಬಾರದು. ಟ್ಯಾಂಕ್ ಕಲಸೋ ಕ್ರಮ ಹೀಗಿರಲಿ.

200 ಲೀಟರ್ ಡ್ರಮ್ಮಿಗೆ ಪೂರ್ತಿ ನೀರು ತುಂಬಿ ಮೊದಲು ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಮ್ಲ, ಹಾಕಿ. ಬೈಕಾರ್ಬನೇಟ್ 400 ಇರೋ ನೀರಿಗೆ ಸುಮಾರು 140ರಿಂದ 160 ಗ್ರಾಂ ಬೇಕಾಗುತ್ತೆ. ಕಡಿಮೆ ಇದ್ದರೆ ಅದಕ್ಕೆ ತಕ್ಕ ಹಾಗೆ. ಒಂದೇ ಸಲ ಸುರೀಬೇಡಿ, ಕಾಲು ಭಾಗ ಹಾಕಿ ಕಲಕಿ, ಪಿಎಚ್ ಪಟ್ಟಿ ಅದ್ದಿ ನೋಡಿ. 5ರ ಹತ್ತಿರ ಬಂದಾಗ ನಿಲ್ಲಿಸಿ. ಗುಳ್ಳೆ ಬರೋದು ಇಂಗಾಲದ ಡೈಆಕ್ಸೈಡ್, ಅದು ಹೋಗೋಕೆ ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಸ್ವಲ್ಪ ಏರಿರುತ್ತೆ. ಆಮೇಲೆ ಎಥ್ರೆಲ್ 400 ಮಿಲಿ. ರಂಜಕ ಬೇಕು ಅಂತಿದ್ರೆ ಡಿಎಪಿ ಬದಲು 12:61:00 ಗೊಬ್ಬರ (ಮೋನೋ ಅಮೋನಿಯಂ ಫಾಸ್ಫೇಟ್) ಹಾಕಿ, ಅದರ ದ್ರಾವಣ ಆಮ್ಲೀಯ. ಅಂಟು ದ್ರಾವಣ ಕೊನೆಗೆ. ಬೋರ್ಡೋ ಅಥವಾ ಸುಣ್ಣ ಇರೋ ಯಾವುದೂ ಅದೇ ಟ್ಯಾಂಕಿಗೆ ಬೇಡವೇ ಬೇಡ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಖಾಲಿ ಮಾಡಿ.

ಎಥ್ರೆಲ್ ಬಾಟಲಿಯೊಳಗಿರೋದು ಬಲವಾದ ಆಮ್ಲ. ಅಳೆಯುವಾಗ ಕನ್ನಡಕ, ಕೈಗವಸು ಇರಲೇಬೇಕು. ಹಿತ್ತಾಳೆ ನಾಜಲ್ಲು, ಗನ್ನು ಕೆಲಸ ಮುಗಿದ ಕೂಡಲೇ ಮೂರು ಸಲ ಒಳ್ಳೇ ನೀರಲ್ಲಿ ತೊಳೀರಿ.

ನೀರಿನ ವರದಿ ಇಲ್ಲದವರು ಬಬ್ಬೂರು ಫಾರಂ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಬೈಕಾರ್ಬನೇಟ್ ಅಂಕಿ ಬೇಕು ಅಂತ ಬರೆದು ಕೊಡಿ. ಬರೀ ಪಿಎಚ್, ಇಸಿ (ಒಟ್ಟು ಲವಣದ ಅಳತೆ) ಸಾಲಲ್ಲ. ಪಿಎಚ್ 7.8 ಇರೋ ಎರಡು ಬೋರಿನಲ್ಲಿ ಒಂದರಲ್ಲಿ 150 ಇನ್ನೊಂದರಲ್ಲಿ 500 ಬೈಕಾರ್ಬನೇಟ್ ಇರಬಹುದು.

ಎಲೆಮೊಗ್ಗು (ದಾವಣಗೆರೆ)

ನೀರು ನಿಲ್ಲಿಸುವ ಹಂತದ ಬಗ್ಗೆ ಇನ್ನಷ್ಟು ಬರೆಯಲೇಬೇಕು, ಫಲಿತಾಂಶ ನಿರ್ಧಾರವಾಗುವುದು ಅಲ್ಲೇ.

ಮಣ್ಣು ಒಣಗುತ್ತಾ ಬಂದಾಗ ಬೇರು ಸುಮ್ಮನಿರುವುದಿಲ್ಲ, ಎಲೆಗೆ ಸುದ್ದಿ ಕಳಿಸುತ್ತದೆ. 2018ರಲ್ಲಿ ಅರಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದ್ದು: ಬೇರಿನಿಂದ ಸಿಎಲ್ಇ25 ಎಂಬ ಪುಟ್ಟ ಪೆಪ್ಟೈಡ್ ನಾಳದ ಮೂಲಕ ಎಲೆಗೆ ಏರಿ, ಅಲ್ಲಿ ಅಬ್ಸಿಸಿಕ್ ಆಮ್ಲ ತಯಾರಿಸುವ ಕಿಣ್ವವನ್ನು ಎಬ್ಬಿಸುತ್ತದೆ. ಅಬ್ಸಿಸಿಕ್ ಆಮ್ಲವೇ ಬರದ ಹಾರ್ಮೋನು. ಅದರ ಗ್ರಾಹಕಗಳು ಪಕ್ಕಾ ಗೊತ್ತಾಗಿದ್ದು 2009ರಲ್ಲಿ. ಕೆಲಸದ ಸರಪಳಿ ಹೀಗಿದೆ. ಸಾಮಾನ್ಯ ದಿನಗಳಲ್ಲಿ ಪಿಪಿ2ಸಿ ಎಂಬ ಕಿಣ್ವ ಒಎಸ್‌ಟಿ1 ಕೈನೇಸನ್ನು ಮಲಗಿಸಿಟ್ಟಿರುತ್ತದೆ. ಅಬ್ಸಿಸಿಕ್ ಆಮ್ಲ ಗ್ರಾಹಕದಲ್ಲಿ ಕೂತಾಗ ಗ್ರಾಹಕವೇ ಹೋಗಿ ಪಿಪಿ2ಸಿಯ ಬಾಯಿ ಮುಚ್ಚುತ್ತದೆ. ಒಎಸ್‌ಟಿ1 ಎಚ್ಚರವಾಗಿ ಎರಡು ಕೆಲಸ ಮಾಡುತ್ತದೆ: ಪತ್ರರಂಧ್ರದ ಕಾವಲು ಕೋಶಗಳ ಎಸ್ಎಲ್ಎಸಿ1 ಕಾಲುವೆಯನ್ನು ತೆರೆಯುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುವ ಕಿಣ್ವವನ್ನು ಚುರುಕು ಮಾಡುತ್ತದೆ. ಪೆರಾಕ್ಸೈಡ್, ನೈಟ್ರಿಕ್ ಆಕ್ಸೈಡ್, ಕ್ಯಾಲ್ಸಿಯಂ ಇವು ಆ ಸುದ್ದಿಯನ್ನು ಕೋಶದೊಳಗೆ ಹಬ್ಬಿಸುವ ಎರಡನೇ ಸುತ್ತಿನ ಹರಕಾರರು. ಲವಣ ಹೊರಹೋಗುತ್ತದೆ, ಕೋಶ ಸೊರಗುತ್ತದೆ, ರಂಧ್ರ ಮುಚ್ಚುತ್ತದೆ. ಇಷ್ಟೂ ನಡೆಯಲು ಕೆಲವೇ ನಿಮಿಷ ಸಾಕು.

ಆದರೆ ಎಲೆ ಹಳತಾಗುವುದಕ್ಕೆ ನಿಮಿಷಗಳು ಸಾಲುವುದಿಲ್ಲ, ವಾರಗಳು ಬೇಕು. ರಂಧ್ರ ಮುಚ್ಚಿದ ಎಲೆ ಅಡುಗೆ ನಿಲ್ಲಿಸಿ, ಇದ್ದ ಸಾರಜನಕವನ್ನು ಕಾಂಡಕ್ಕೆ ಹಿಂದಿರುಗಿಸಿ, ಆಕ್ಸಿನ್ ತಯಾರಿಯನ್ನು ತಗ್ಗಿಸಬೇಕು. ಮಸಾರೆಯಲ್ಲಿ ಇದಕ್ಕೆ 30ರಿಂದ 40 ದಿನ, ಎರೆಭೂಮಿಯಲ್ಲಿ 50ರಿಂದ 60 ದಿನ. ಹದ ಮಳೆ ಬಿದ್ದರೆ ದಿನ ಮತ್ತೆ ಮೊದಲಿಂದ ಎಣಿಸಬೇಕಾಗಿಲ್ಲ, ಆದರೆ ಹತ್ತು ಹನ್ನೆರಡು ದಿನ ಸೇರಿಸಿಕೊಳ್ಳಿ. ಒಣಗಿಗೆ ಬಿಡುವ ಮುಂಚಿನ ತಿಂಗಳು ಯೂರಿಯಾ, ಹಸಿ ಸಗಣಿ ನೀರು ಕೊಟ್ಟ ತೋಟ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ, ಎಲೆ ಕಪ್ಪು ಹಸಿರಾಗಿಯೇ ಇರುತ್ತದೆ.

ದಿನಕ್ಕಿಂತ ಗಿಡವನ್ನು ನೋಡಿ ನಿರ್ಧರಿಸಿ. ಕಾಲು ಭಾಗ ಎಲೆ ಹಳದಿಗೆ ತಿರುಗಿ ತಾನಾಗೇ ಉದುರಲು ಶುರುವಾಗಿರಬೇಕು. ಬಲಿತ ಎಲೆಯನ್ನು ಬೆರಳಿನಿಂದ ಕೆಳಕ್ಕೆ ಬಗ್ಗಿಸಿ. ತೊಟ್ಟಿನ ಬುಡದಲ್ಲಿ ನಯವಾಗಿ ಕಳಚಿದರೆ ಸಿದ್ಧ. ಸಿಪ್ಪೆ ಎಳೆದುಕೊಂಡು ಹರಿದರೆ ಇನ್ನೂ ಕಾಯಬೇಕು. ಪ್ರತಿ ಸಾಲಿನಲ್ಲಿ ಐದಾರು ಗಿಡ, ಗಿಡಕ್ಕೆ ನಾಲ್ಕು ದಿಕ್ಕಿನಲ್ಲಿ ಒಂದೊಂದು ಎಲೆ ನೋಡಿದರೆ ತೋಟದ ಚಿತ್ರ ಸಿಗುತ್ತದೆ. ಡ್ರಿಪ್ ಸೋರಿಕೆ ಇರುವ ಗಿಡ, ಬದುವಿನ ಪಕ್ಕದ ಗಿಡ ತಡವಾಗಿ ಬರುತ್ತವೆ. ಅವನ್ನು ಗುರುತು ಹಾಕಿ ಬಿಡಿ, ವಾರ ಬಿಟ್ಟು ಬೇರೆಯಾಗಿ ಹೊಡೆಯಿರಿ.

ತುದಿ ಚಾಟ್ನಿ ಮಾಡಿ (ಕೊಂಬೆ ತುದಿ ಕತ್ತರಿಸಿ) ಸಿಂಪಡಣೆಗೆ ತಡ ಮಾಡುವುದೂ ದೊಡ್ಡ ತಪ್ಪು. ತುದಿ ಹೋದ ಮೇಲೆ ಪಕ್ಕದ ಮೊಗ್ಗುಗಳ ಮೇಲಿದ್ದ ಆಕ್ಸಿನ್ ಹಿಡಿತ ಸಡಿಲಾಗಿ ಹೊಸ ಚಿಗುರು ಬರುತ್ತದೆ. ಆ ಚಿಗುರು ಎಥಿಲೀನಿನ ಮಾತು ಕೇಳುವುದಿಲ್ಲ.

ಮಾರಿಕಣಿವೆ ತೋಟ (ಹಿರಿಯೂರು)

ಬೆರಳಿನ ಪರೀಕ್ಷೆ ಬಹಳ ಉಪಯೋಗ ಆಯ್ತು ಮೇಡಂ. ಈಗ ಹಸಿರಾಗಿ ನಿಂತಿರೋ ಗಿಡಗಳಿಗೆ ಏನು ಮಾಡಬೇಕು? ಇನ್ನೊಂದು, ಕಾಯಿ ಕಚ್ಚೋ ಸಮಯದಲ್ಲಿ ಪ್ಲಾನೋಫಿಕ್ಸ್ ಹೊಡೆದ್ರೆ ಕೆಲವು ಕಡೆ ಹೂ ನಿಲ್ಲುತ್ತೆ, ಕೆಲವು ಕಡೆ ಹೂ ಇನ್ನೂ ಜಾಸ್ತಿ ಉದುರುತ್ತೆ ಅಂತಾರೆ. ಅದೂ ಇದೇ ಥರದ್ದಾ?

ಎಲೆಮೊಗ್ಗು (ದಾವಣಗೆರೆ)

ನಿಂತ ಗಿಡಕ್ಕೆ: ಮೊದಲ ಸಿಂಪಡಣೆಯಿಂದ 10 ದಿನ ಪೂರ್ತಿ ಕಾಯಿರಿ. ನೀರು ಕೊಡಬೇಡಿ. ಎಳೆ ತುದಿಯನ್ನು ಕೈಯಿಂದ ಚಿವುಟಿ ತೆಗೆಯಿರಿ. ಆಮೇಲೂ ಅರ್ಧಕ್ಕಿಂತ ಹೆಚ್ಚು ಎಲೆ ಉಳಿದಿದ್ದರೆ ಆ ಗಿಡಗಳಿಗೆ ಮಾತ್ರ ಲೀಟರಿಗೆ 1 ಮಿಲಿ. ಮೊದಲೇ ಬೋಳಾದ ಗಿಡದ ಮೇಲೆ ಎರಡನೇ ಸಲ ಬೀಳಬಾರದು. ಅಲ್ಲಿ ಈಗ ಎಲೆ ಇಲ್ಲ, ಬೀಳುವುದೆಲ್ಲ ಮೊಗ್ಗಿನ ಮೇಲೆಯೇ. ಹೊತ್ತಿನ ವಿಷಯ: ಮೋಡ ಕವಿದು ತಂಪಾದ ದಿನ ಎಥೆಫಾನ್ ಮಂಕು, 35 ಡಿಗ್ರಿ ದಾಟಿದ ಬಿಸಿಲಲ್ಲಿ ವಿಪರೀತ ಚುರುಕು. ಬೆಳಗಿನ ಇಬ್ಬನಿ ಆರಿದ ಮೇಲೆ ಹೊಡೆಯಿರಿ.

ಪ್ಲಾನೋಫಿಕ್ಸ್ ಪ್ರಶ್ನೆಗೆ: ಹೌದು, ಅದೇ ಕತೆಯ ಇನ್ನೊಂದು ಮುಖ. ಅದರಲ್ಲಿರುವುದು ಎನ್ಎಎ, ಕೃತಕ ಆಕ್ಸಿನ್. ಹಿತವಾದ ಪ್ರಮಾಣದಲ್ಲಿ ಕೊಟ್ಟರೆ ತೊಟ್ಟಿನ ಬುಡಕ್ಕೆ ಆಕ್ಸಿನ್ ಹರಿವು ಕೂಡಿ ಹೂ ನಿಲ್ಲುತ್ತದೆ. ಮಿತಿ ಮೀರಿದರೆ ಗಿಡ ಎಸಿಸಿ ಸಿಂಥೇಸ್ ಎಂಬ ಕಿಣ್ವದ ಜೀನನ್ನು ತೆರೆದು ತಾನೇ ಎಥಿಲೀನ್ ತಯಾರಿಸುತ್ತದೆ. ಹೂ ಉಳಿಸಲು ಕೊಟ್ಟದ್ದೇ ಹೂ ಉದುರಿಸುತ್ತದೆ. ಸೇಬಿನ ತೋಟಗಳಲ್ಲಿ ಹೆಚ್ಚಾದ ಕಾಯಿ ಉದುರಿಸಲು ಎನ್ಎಎಯನ್ನು ಬೇಕೆಂದೇ ಬಳಸುವುದೂ ಉಂಟು.

ಅಳತೆ: 4.5% ದ್ರಾವಣದ 1 ಮಿಲಿಯಲ್ಲಿ 45 ಮಿಲಿಗ್ರಾಂ. 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಬೇಕಾದರೆ 1 ಮಿಲಿ ನಾಲ್ಕೂವರೆ ಲೀಟರಿಗೆ, 200 ಲೀಟರ್ ಡ್ರಮ್ಮಿಗೆ 45 ಮಿಲಿ. "ಎಲ್ಲ ಔಷಧಿಯೂ ಲೀಟರಿಗೆ 1 ಮಿಲಿ" ಎಂಬ ರೂಢಿಯಲ್ಲಿ 200 ಮಿಲಿ ಸುರಿದರೆ 45 ಪಿಪಿಎಂ ಆಗುತ್ತದೆ. ಹೂ ಉದುರಿತು ಅನ್ನುವ ತೋಟಗಳಲ್ಲಿ ಮೊದಲು ಈ ಅಳತೆಯನ್ನೇ ಕೇಳಿ.

ಜಗಳೂರು ಬಯಲು

ಆಕ್ಸಿನ್ ಮಾತು ಬಂತಲ್ಲ, 2,4-ಡಿ ಕಳೆನಾಶಕದ ವಿಷಯ ಹೇಳಲೇಬೇಕ್ರಿ, ಅದೂ ಕೃತಕ ಆಕ್ಸಿನ್ನೇ. ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆದ ಗಾಳಿ ಪಕ್ಕದ ಹತ್ತಿಗೆ, ಟೊಮೆಟೊಗೆ ಬಡಿದ್ರೆ ಏನಾಗುತ್ತೆ ಅಂತ ಎಲ್ಲರೂ ನೋಡಿರ್ತಾರೆ. ಹತ್ತಿ ಎಲೆ ಬೆಂಡೆ ಎಲೆ ಹಂಗೆ ಸೀಳಿ, ನರ ಎಲ್ಲ ಒಂದೇ ಕಡೆ ಜೋಡಿಸಿದಂಗೆ ಆಗುತ್ತೆ. ವೈರಸ್ ಅಂತ ತಿಳಿದು ಕೀಟನಾಶಕ ಹೊಡೆಯೋರೂ ಇದ್ದಾರೆ, ಅದು ದಂಡ.

ನಡೆಯೋದು ಇಷ್ಟು. ಆಕ್ಸಿನ್ ಗ್ರಾಹಕ ಟಿಐಆರ್1 ಅಂತ, 2005ರಲ್ಲಿ ಖಚಿತವಾಯ್ತು. ಆಕ್ಸಿನ್ ಆ ಗ್ರಾಹಕಕ್ಕೂ, ಬೆಳವಣಿಗೆ ತಡೆದು ಹಿಡಿದಿರೋ ಪ್ರೋಟೀನಿಗೂ ನಡುವೆ ಅಂಟಿನಂಗೆ ಕೂರುತ್ತೆ. ಅಂಟಿಕೊಂಡ ತಡೆ ಪ್ರೋಟೀನಿಗೆ ಯುಬಿಕ್ವಿಟಿನ್ ಚೀಟಿ ಬೀಳುತ್ತೆ, ಕೋಶ ಅದನ್ನ ಒಡೆದು ಹಾಕುತ್ತೆ, ಜೀನುಗಳು ತೆರೀತವೆ. ಗಿಡದ ಸ್ವಂತ ಆಕ್ಸಿನ್ ಆದ್ರೆ ಕೆಲಸ ಮುಗಿದ ಕೂಡಲೇ ಅಮೈನೋ ಆಮ್ಲಕ್ಕೆ ಕಟ್ಟಿ ಮೂಲೆಗಿಡ್ತದೆ. 2,4-ಡಿಯನ್ನ ಅಗಲ ಎಲೆ ಗಿಡ ಅಷ್ಟು ಬೇಗ ಕಟ್ಟಿಹಾಕಲಾರದು, ಸಂಕೇತ ಆರೋದೇ ಇಲ್ಲ. ಮೆಕ್ಕೆಜೋಳ, ಕಬ್ಬು ಅದನ್ನ ಬೇಗ ಅರಗಿಸಿಕೊಳ್ತವೆ, ಅದಕ್ಕೇ ಉಳೀತವೆ.

ಈಸ್ಟರ್ ರೂಪದ 2,4-ಡಿ ಹೊಡೆದಾದ ಮೇಲೂ ಆವಿಯಾಗಿ ಹೋಗುತ್ತೆ. ಪಕ್ಕ ಹತ್ತಿ, ದಾಳಿಂಬೆ, ಟೊಮೆಟೊ ಇದ್ರೆ ಅಮೈನ್ ಉಪ್ಪು ಮಾತ್ರ ಬಳಸ್ರಿ, ಗಾಳಿ ನಿಂತಾಗ, ದಪ್ಪ ಹನಿ ನಾಜಲ್ಲಲ್ಲಿ. ಕಳೆನಾಶಕಕ್ಕೆ ಬೇರೆ ಪಂಪೇ ಇಡ್ರಿ. ಒಂದೇ ಪಂಪು ಇದ್ರೆ ಅಮೋನಿಯಾ ಬೆರೆಸಿದ ನೀರು ತುಂಬಿ ರಾತ್ರಿ ಬಿಟ್ಟು, ಪೈಪು ನಾಜಲ್ಲು ಎಲ್ಲದರಲ್ಲೂ ಹಾಯಿಸಿ, ಮೂರು ಸಲ ತೊಳೀಬೇಕು. ಬರೀ ನೀರಿಗೆ ಹೋಗಲ್ಲ ಅದು.

ಭದ್ರಾ ನಾಲೆ (ಮಲೇಬೆನ್ನೂರು)

ಭತ್ತದವರಿಗೂ ಒಂದು ಪಾಲು ಇರಲಿ. ಸಸಿಮಡಿಯಲ್ಲಿ ಒಂದಿಷ್ಟು ಸಸಿ ಮಾತ್ರ ತೆಳ್ಳಗೆ, ಬಿಳಿಚಿಕೊಂಡು, ಉಳಿದವಕ್ಕಿಂತ ಗೇಣುದ್ದ ಮೇಲೆದ್ದು ನಿಲ್ತವೆ. ಅದು ಬೇರು ಕೊಳೆ ತರುವ ಫ್ಯುಸೇರಿಯಂ ಶಿಲೀಂಧ್ರದ ರೋಗ. 1926ರಲ್ಲಿ ಕುರೊಸಾವಾ ಎಂಬ ಜಪಾನಿನ ವಿಜ್ಞಾನಿ, ಶಿಲೀಂಧ್ರ ಬೆಳೆಸಿ ಸೋಸಿದ ದ್ರವ ಒಂದರಿಂದಲೇ ಸಸಿ ಹೀಗೆ ಉದ್ದವಾಗುತ್ತದೆ ಎಂದು ತೋರಿಸಿದರು. ಜಿಬ್ಬರೆಲಿನ್ ಹಾರ್ಮೋನು ಲೋಕಕ್ಕೆ ಸಿಕ್ಕಿದ್ದು ಈ ರೋಗದಿಂದಲೇ.

ಗಿಡದಲ್ಲಿ ಡೆಲ್ಲಾ ಎಂಬ ಪ್ರೋಟೀನುಗಳು ಬೆಳವಣಿಗೆಗೆ ಅಡ್ಡಗಟ್ಟೆ. ಜಿಬ್ಬರೆಲಿನ್ ಗ್ರಾಹಕ ಜಿಐಡಿ1 ಪತ್ತೆಯಾದದ್ದೂ 2005ರಲ್ಲೇ, ಅದೂ ಭತ್ತದಲ್ಲೇ. ಹಾರ್ಮೋನು ಕೂತಾಗ ಜಿಐಡಿ1 ಡೆಲ್ಲಾವನ್ನು ಹಿಡಿದು ಒಡೆಯಲು ಒಪ್ಪಿಸುತ್ತದೆ, ಕಾಂಡ ಉದ್ದವಾಗುತ್ತದೆ. 1966ರ ಐಆರ್8 ಭತ್ತದ ತಳಿ ಕುಳ್ಳಗಿರುವುದಕ್ಕೆ ಕಾರಣ ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವದ ಜೀನು ಕೆಟ್ಟಿರುವುದು. ಕೇಳುವ ಕಿವಿ ಸರಿಯಾಗೇ ಇದೆ. ಅದಕ್ಕೇ ಶಿಲೀಂಧ್ರ ಹೊರಗಿನಿಂದ ಜಿಬ್ಬರೆಲಿನ್ ಕೊಟ್ಟ ಕೂಡಲೇ ಕುಳ್ಳ ಭತ್ತವೂ ಉದ್ದವಾಗುತ್ತದೆ. ಹಸಿರು ಕ್ರಾಂತಿಯ ಕುಳ್ಳ ಗೋಧಿಯಲ್ಲಿ ಇದಕ್ಕೆ ಉಲ್ಟಾ: ಹಾರ್ಮೋನು ಬೇಕಾದಷ್ಟಿದೆ, ಡೆಲ್ಲಾ ಒಡೆಯುವುದಿಲ್ಲ, ಎಷ್ಟು ಜಿಬ್ಬರೆಲಿನ್ ಹಾಕಿದರೂ ಉದ್ದವಾಗುವುದಿಲ್ಲ.

ಕೆಲಸಕ್ಕೆ ಬರುವ ಮಾತು: ಬಿತ್ತನೆ ಬೀಜವನ್ನು ಉಪ್ಪು ನೀರಿನಲ್ಲಿ ಹಾಕಿ ತೇಲಿದ್ದನ್ನು ತೆಗೆಯಿರಿ, ಮುಳುಗಿದ್ದನ್ನು ಒಳ್ಳೇ ನೀರಿನಲ್ಲಿ ತೊಳೆದು ಕೆಜಿಗೆ 2 ಗ್ರಾಂ ಕಾರ್ಬೆಂಡಜಿಂ ಉಪಚಾರ. ಉದ್ದವಾದ ಸಸಿಯನ್ನು ನಾಟಿಗೆ ಬಳಸಬೇಡಿ, ಬೇರು ಸಮೇತ ಕಿತ್ತು ಸುಡಿ. ಎತ್ತರ ನೋಡಿ ಜೋರಾಗಿದೆ ಅಂತ ಮೊದಲು ಅದನ್ನೇ ಕೀಳುವುದು ನಡೆಯುತ್ತದೆ.

ಚಳ್ಳಕೆರೆ ಈರುಳ್ಳಿ

ಈರುಳ್ಳಿಯಲ್ಲಿ ಮಳೆ ಹಿಡಿದಾಗ ಎಲೆ ತಿರುಚಿ, ಕತ್ತು ಉದ್ದವಾಗಿ, ಗೆಡ್ಡೆ ಸಣ್ಣಗಾಗೋ ಟ್ವಿಸ್ಟರ್ ರೋಗದಲ್ಲೂ ಇದೇ ಬಳಗದ ಶಿಲೀಂಧ್ರದ ಪಾತ್ರ ಇದೆ, ಜೊತೆಗೆ ಕೊಲೆಟೋಟ್ರೈಕಂ ಅನ್ನೋ ಇನ್ನೊಂದು ಶಿಲೀಂಧ್ರ. ನೀರು ನಿಲ್ಲದಂಗೆ ಏರುಮಡಿ ಮಾಡೋದೇ ಅರ್ಧ ಔಷಧಿ.

ನನ್ನ ಪ್ರಶ್ನೆ ಬೇರೆ. ಕ್ಯಾಲ್ಸಿಯಂ ಕೋಶದೊಳಗೆ ಸಂದೇಶ ಒಯ್ಯುತ್ತೆ ಅಂದ್ರಲ್ಲ ಮೇಡಂ. ಹಂಗಾದ್ರೆ ಕ್ಯಾಲ್ಸಿಯಂ ನೈಟ್ರೇಟ್ ಸಿಂಪಡಿಸಿದ್ರೆ ಸಂದೇಶ ಜೋರಾಗುತ್ತಾ? ಪೊಟ್ಟಣದ ಮೇಲೆ ಹಂಗೇ ಬರೆದು ಮಾರ್ತಿದ್ದಾರೆ.

ಎಲೆಮೊಗ್ಗು (ದಾವಣಗೆರೆ)

ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಈ ಹೆಸರಿನಲ್ಲಿ ರೈತರ ದುಡ್ಡು ಸುಮ್ಮನೆ ಹೋಗುತ್ತಿದೆ. ಕೋಶದ ಹೊರಗೆ, ಗೋಡೆಯ ಜಾಗದಲ್ಲಿ, ಕ್ಯಾಲ್ಸಿಯಂ ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ. ಒಳದ್ರವದಲ್ಲಿ ಸುಮಾರು 100 ನ್ಯಾನೋಮೋಲಾರ್, ಅಂದರೆ ಹತ್ತು ಸಾವಿರ ಪಟ್ಟು ಕಡಿಮೆ. ಗಿಡ ಶಕ್ತಿ ಖರ್ಚು ಮಾಡಿ ಪಂಪುಗಳಿಂದ ಅದನ್ನು ಅಷ್ಟು ಕಡಿಮೆ ಇಟ್ಟುಕೊಂಡಿರುವುದೇ ಸಂಕೇತಕ್ಕಾಗಿ. ಕಾಲುವೆ ಒಂದು ಕ್ಷಣ ತೆರೆದಾಗ ಒಳನುಗ್ಗುವ ಅಲೆ, ಅದರ ಎತ್ತರ, ಎಷ್ಟು ಸಲ ಬಂತು, ಎಷ್ಟು ಹೊತ್ತು ಇತ್ತು, ಇವೇ ಸಂದೇಶ. ಹೊರಗಿನ ರಾಶಿಗೆ ಇನ್ನೊಂದು ಹಿಡಿ ಸೇರಿಸಿದರೆ ಅಲೆ ಏಳುವುದಿಲ್ಲ. ಸಿಂಪಡಿಸಿದ ಕ್ಯಾಲ್ಸಿಯಂ ಗೋಡೆಯ ಪೆಕ್ಟಿನ್ನನ್ನು ಗಟ್ಟಿ ಮಾಡುತ್ತದೆ. ದಾಳಿಂಬೆ ಕಾಯಿ ಸೀಳುವುದನ್ನು ಕಡಿಮೆ ಮಾಡಲು ಬೋರಾನ್ ಜೊತೆಗೆ ಕೊಡುವುದಕ್ಕೆ ಅರ್ಥವಿದೆ. ಆ ಕೆಲಸಕ್ಕೆ ಕೊಡಿ, ಸಂದೇಶದ ಹೆಸರಿನಲ್ಲಿ ಹೆಚ್ಚು ಬೆಲೆ ತೆರಬೇಡಿ.

ಅಲೆ ಎಂದರೇನು ಎಂಬುದಕ್ಕೆ 2018ರ ಒಂದು ಪ್ರಯೋಗ ಕಣ್ಣಿಗೆ ಕಟ್ಟುವಂತಿದೆ. ಹುಳು ಎಲೆ ಕಚ್ಚಿದ ಜಾಗದಲ್ಲಿ ಗ್ಲುಟಮೇಟ್ ಸೋರುತ್ತದೆ, ಅದು ಗ್ರಾಹಕ ಕಾಲುವೆಗಳನ್ನು ತೆರೆಯುತ್ತದೆ, ಕ್ಯಾಲ್ಸಿಯಂ ಅಲೆ ಸೆಕೆಂಡಿಗೆ ಸುಮಾರು 1 ಮಿಲಿಮೀಟರಿನಂತೆ ನಾಳದಲ್ಲಿ ಓಡಿ ಒಂದೆರಡು ನಿಮಿಷದಲ್ಲಿ ದೂರದ ಎಲೆ ತಲುಪುತ್ತದೆ. ಅಲ್ಲಿ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ತಯಾರಾಗಿ ರಕ್ಷಣೆ ಶುರು. ಆ ವರ್ಷವೇ ಪಕ್ಕದ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲು ಕಾಣಿಸಿದ ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಕಚ್ಚಿದರೂ ಗಿಡ ಜಾಸ್ಮೋನಿಕ್ ಆಮ್ಲದಿಂದಲೇ ಉತ್ತರ ಕೊಡುವುದು. ಸುಳಿಯೊಳಗಿನ ಹುಳುವಿಗೆ ಆ ಉತ್ತರ ಒಂದೇ ಸಾಲದು, ಔಷಧಿ ಸುಳಿಗೆ ಬೀಳಲೇಬೇಕು.

ಡ್ರಿಪ್ ಲೈನ್ (ಹೊಸದುರ್ಗ)

ಹಾಗಾದ್ರೆ ದಾಳಿಂಬೆಯ ದುಂಡಾಣು ಅಂಗಮಾರಿ ರೋಗಕ್ಕೆ ಸ್ಯಾಲಿಸಿಲಿಕ್ ಆಮ್ಲ ಹೊಡೆಯೋದು? ಅದೂ ಸಂದೇಶದ ಹೆಸರಲ್ಲೇ ಬರ್ತಿದೆ. ಮತ್ತೆ ಅದು ನೀರಲ್ಲಿ ಕರಗಲ್ಲ, ನಾಜಲ್ ಕಟ್ಟಿಕೊಳ್ಳುತ್ತೆ ಅಂತ ದೂರು.

ಎಲೆಮೊಗ್ಗು (ದಾವಣಗೆರೆ)

ಅದು ಬೇರೆ, ಅದಕ್ಕೆ ಆಧಾರವಿದೆ. ಸ್ಯಾಲಿಸಿಲಿಕ್ ಆಮ್ಲ ಸ್ವತಃ ಹಾರ್ಮೋನು, ಎನ್‌ಪಿಆರ್1 ಎಂಬ ಪ್ರೋಟೀನಿನ ಮೂಲಕ ರಕ್ಷಣಾ ಜೀನುಗಳನ್ನು ತೆರೆಯುತ್ತದೆ. ಲೀಟರಿಗೆ 0.3 ಗ್ರಾಂ, ತಿಂಗಳ ಅಂತರದಲ್ಲಿ. ಆದರೆ ಇದು ಮುಂಚಿತವಾಗಿ ಎಚ್ಚರಿಸುವ ಕೆಲಸ, ಎಲೆಯಲ್ಲಿ ಎಣ್ಣೆ ಚುಕ್ಕೆ ಕಂಡ ಮೇಲೆ ಅದೊಂದನ್ನೇ ನಂಬಿ ಕೂರಬೇಡಿ. ಸ್ಯಾಲಿಸಿಲಿಕ್ ದಾರಿ ಜೋರಾದಾಗ ಜಾಸ್ಮೋನಿಕ್ ದಾರಿ ತಗ್ಗುತ್ತದೆ ಎಂಬುದೂ ನೆನಪಿರಲಿ. ಪ್ರಮಾಣ ಎರಡು ಮೂರು ಪಟ್ಟು ಮಾಡಿದರೆ ಎಲೆ ಅಂಚು ಸುಡುವುದಲ್ಲದೆ ಹುಳುವಿನ ವಿರುದ್ಧದ ಕಾವಲೂ ಸಡಿಲಾಗಬಹುದು.

ಕರಗಿಸುವ ಬಗೆ: 200 ಲೀಟರಿಗೆ ಬೇಕಾದ 60 ಗ್ರಾಂ ಪುಡಿಯನ್ನು ನೇರ ಡ್ರಮ್ಮಿಗೆ ಹಾಕಬೇಡಿ. ಮೊದಲು ಸ್ವಲ್ಪ ಆಲ್ಕೋಹಾಲಿನಲ್ಲಿ ಪೂರ್ತಿ ಕರಗಿಸಿ, ಡ್ರಮ್ಮಿನ ನೀರನ್ನು ಕಲಕುತ್ತಾ ಸಣ್ಣ ಧಾರೆಯಾಗಿ ಹೊಯ್ಯಿರಿ. ಬೆಂಕಿ ಹತ್ತಿರ ಬೇಡ. ಒಮ್ಮೆಗೇ ಸುರಿದರೆ ಬಿಳಿ ಹರಳು ಕಟ್ಟುತ್ತದೆ, ನಾಜಲ್ಲಿಗೆ ಸಿಕ್ಕುವುದು ಅದೇ.

ಜಗಳೂರು ಬಯಲು

ಒಂದು ಸೇರಿಸ್ತೀನ್ರಿ. ಟ್ರೈಜೋಲ್ ಶಿಲೀಂಧ್ರನಾಶಕಗಳು, ಅಂದ್ರೆ ಪ್ರೊಪಿಕೊನಜೋಲ್, ಟೆಬುಕೊನಜೋಲ್ ಥರದವು, ಎಳೆ ಚಿಗುರಿಗೆ ಮೇಲಿಂದ ಮೇಲೆ ಬಿದ್ರೆ ಎಲೆ ಚಿಕ್ಕದಾಗಿ, ಗೆಣ್ಣು ಹತ್ತಿರ ಹತ್ತಿರ ಆಗುತ್ತೆ. ಗಿಡದ ಬೆಳವಣಿಗೆ ತಡೆಯೋ ಪ್ಯಾಕ್ಲೊಬ್ಯುಟ್ರಜೋಲ್ ಕೂಡ ಇದೇ ಕುಟುಂಬದ್ದು, ಜಿಬ್ಬರೆಲಿನ್ ತಯಾರಾಗೋ ದಾರಿಯನ್ನೇ ಕಟ್ಟುತ್ತೆ. ದಾಳಿಂಬೆಯವರು ಬಹಾರಿನ ಮೊದಲ ಚಿಗುರಿಗೆ ಟ್ರೈಜೋಲ್ ಸಾಲಾಗಿ ಎರಡು ಮೂರು ಸಲ ಹೊಡೆದು, ಆಮೇಲೆ ಚಿಗುರು ಎಳೀತಿಲ್ಲ ಅಂತ ಜಿಬ್ಬರೆಲಿಕ್ ಆಮ್ಲ ತರ್ತಾರೆ. ಮೊದಲು ಸಿಂಪಡಣೆ ಪುಸ್ತಕ ತೆಗೆದು ನೋಡ್ರಿ, ನಡುವೆ ಬೇರೆ ಗುಂಪಿನ ಔಷಧಿ ಹಾಕ್ರಿ.

ಮಾರಿಕಣಿವೆ ತೋಟ (ಹಿರಿಯೂರು)

ಎಲ್ಲರಿಗೂ ನಮಸ್ಕಾರ. ಕೊನೇದೊಂದು ಕೇಳ್ತೀನಿ. ಎಲೆ ಎಲ್ಲ ಉದುರಿದ ಮೇಲೆ ನೀರು ಯಾವಾಗ, ಎಷ್ಟು? ಒಂದೇ ಸಲ ತುಂಬಾ ಬಿಟ್ರೆ ಬರೀ ಚಿಗುರು ಬರುತ್ತೆ, ಹೂ ಬರಲ್ಲ ಅಂತಾರೆ.

ಎಲೆಮೊಗ್ಗು (ದಾವಣಗೆರೆ)

ಸರ್, ಶೇ 80ಕ್ಕಿಂತ ಹೆಚ್ಚು ಎಲೆ ಬಿದ್ದ ಮೇಲೆ, ಸಾಮಾನ್ಯವಾಗಿ ಸಿಂಪಡಣೆಯಿಂದ 8ರಿಂದ 10 ದಿನಕ್ಕೆ, ಗೊಬ್ಬರ ಕೊಟ್ಟು ಮೊದಲ ನೀರು ಹಗುರವಾಗಿ ಬಿಡಿ. ಬೇರಿನ ವಲಯ ನೆನೆಯಬೇಕು, ನೀರು ನಿಲ್ಲಬಾರದು. ಒಣಗಿದ ಬೇರಿಗೆ ನೀರು ಸಿಕ್ಕಾಗ ಅಬ್ಸಿಸಿಕ್ ಆಮ್ಲ ಇಳಿಯುತ್ತದೆ, ಬೇರಿನ ತುದಿಯಲ್ಲಿ ತಯಾರಾದ ಸೈಟೊಕೈನಿನ್ ಎಂಬ ಹಾರ್ಮೋನು ಮೇಲೇರಿ ಮೊಗ್ಗನ್ನು ಎಬ್ಬಿಸುತ್ತದೆ. ಆ ಹೊತ್ತಿಗೆ ಸಾರಜನಕ ಹೆಚ್ಚಾದರೆ ಸೈಟೊಕೈನಿನ್ ಇನ್ನೂ ಏರಿ ಗಿಡ ಸೊಪ್ಪಿನ ಕಡೆ ವಾಲುತ್ತದೆ, ನೀವು ಕೇಳಿದ ತೊಂದರೆ ಅದೇ. ಹಾಗಾಗಿ ಮೊದಲ ಕಂತಿನಲ್ಲಿ ರಂಜಕ, ಪೊಟ್ಯಾಷ್ ಪೂರ್ತಿ ಇರಲಿ, ಸಾರಜನಕ ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಕಾಯಿ ಕಚ್ಚಿದ ಮೇಲೆ. ಎರಡನೇ ನೀರು ಮೂರು ನಾಲ್ಕು ದಿನ ಬಿಟ್ಟು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಕೊಡಿ. ತಡವಾಗಿ ಬೋಳಾದ ಗಿಡಗಳ ಹನಿಕಡ್ಡಿಗಳನ್ನು ಅಲ್ಲಿಯವರೆಗೆ ಮುಚ್ಚಿಡಿ.